ಮೂರು ಬೀಗದ ಪೆಟ್ಟಿಗೆ, ಒಂದು ಬೀಗದ ಕಂಪ್ಯೂಟರು

ಮಾವು ಹೂ ಬಿಟ್ಟ ಕಾಲ. ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಅರಗಿನ ಕೆಲಸಕ್ಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಿನಗಳಿಲ್ಲ. ಬಿರುಬೇಸಿಗೆಯಲ್ಲಿ ಅರಗು ಕೈಗೇ ಅಂಟಿಕೊಳ್ಳುತ್ತದೆ, ಮಳೆಗಾಲದಲ್ಲಿ ಗೊಂಬೆ ಕಡೆಯುವ ಆಲೆಮರ ನೀರು ಕುಡಿದು ಕೂತಿರುತ್ತದೆ. ಈಗ ಮರವೂ ಒಣಗಿತ್ತು, ಅರಗೂ ಹೇಳಿದ ಮಾತು ಕೇಳುತ್ತಿತ್ತು.

ದೊಡ್ಡಮಳೂರಿನ ರಸ್ತೆ ಬದಿಗೆ ಅರಗಿಣಿ ಮಹಿಳಾ ಗೊಂಬೆ ಸಂಘದ ಶೆಡ್ಡು. ಒಳಗೆ ಮರ ತಿರುಗಿಸುವ ಲೇತುಗಳು ಬೆಳಗಿನಿಂದಲೇ ಗುಂಯ್ ಎನ್ನುತ್ತಿದ್ದವು. ಸಂಘದ ಅಧ್ಯಕ್ಷೆ ಮುನವ್ವರಾ ತಿರುಗುವ ಮರಕ್ಕೆ ಹಸಿರು ಅರಗಿನ ಕಡ್ಡಿ ಒತ್ತಿ ಹಿಡಿದಿದ್ದಳು. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಮೇಲೆ ತಾಳೆಗರಿ ಒತ್ತಿದಳು. ಹಸಿರು ಹೊಳಪು ಬಂತು.

ಮೂಲೆಯ ಕೆಂಡದ ಒಲೆ ಮುಂದೆ ದೊಡ್ಡಲಕ್ಷ್ಮಮ್ಮ ಅರಗು ಎಳೆದು ಕಡ್ಡಿ ಮಾಡುತ್ತಿದ್ದಳು. ಸಂಘಕ್ಕೆಲ್ಲ ವಯಸ್ಸಿನಲ್ಲಿ ಹಿರಿಯಳು, ಮಾತಿನಲ್ಲೂ ಹಿರಿಯಳೇ.

"ಏನವ್ವಾ ಮುನವ್ವರಾ, ನನ್ನ ಮೊಮ್ಮಗಳ ಗಿಲಕಿ ಏನಾಯ್ತು? ನಾಮಕರಣದಲ್ಲಿ ಎಲ್ರ ಮುಂದೆ ಕೊಡ್ತೀನಿ ಅಂದೋಳು ನೀನೇ ತಾನೆ? ಮಗು ತೊಟ್ಲು ಬುಟ್ಟು ಅಂಗಳದಲ್ಲಿ ಓಡಾಡ್ತಾ ಐತೆ. ಅದರ ಮದ್ವೆಗಾದ್ರೂ ಕೊಟ್ಟೀಯಾ?"

"ಕೊಡ್ತೀನಿ ಲಕ್ಷ್ಮಕ್ಕ. ನಿನ್ನ ಸಾಲ ಇಟ್ಕೊಂಡು ಸಾಯಲ್ಲ ನಾನು."

ಮುನವ್ವರಾ ನಕ್ಕಳು. ಆದರೆ ಅವಳ ಕಣ್ಣು ತಾನೇ ತಾನಾಗಿ ಗೋಡೆಯ ಕಡೆಗೆ ಹೋಯಿತು. ಅಲ್ಲಿ ಮೊಳೆಗೆ ಒಂದು ಪ್ಲಾಸ್ಟಿಕ್ ಗಿಲಕಿ ನೇತಾಡುತ್ತಿತ್ತು. ಹೋದ ವರ್ಷ ಅವಳೇ ತಲೆ ಓಡಿಸಿ ಒಂದು ಹೊಸ ಗಿಲಕಿ ಮಾಡಿದ್ದಳು. ಚೆನ್ನಾಗಿದೆ ಎಂದು ಅದರ ಫೋಟೋ ಫೋನಿನಿಂದ ಫೋನಿಗೆ ಹೋಯಿತು. ಇವರ ಮಾಲು ಅಂಗಡಿ ಸೇರುವ ಮೊದಲೇ ಹೈವೇ ಬದಿಯ ಅಂಗಡಿಗಳಲ್ಲಿ ಅದರ ಪ್ಲಾಸ್ಟಿಕ್ ನಕಲು ತೂಗಾಡುತ್ತಿತ್ತು. ಮಾಡಿಟ್ಟ ಮರದ ಗಿಲಕಿಗಳು ಗೋಣಿಚೀಲದಲ್ಲೇ ಉಳಿದವು. ಅಲ್ಲಿಂದ ಈಚೆಗೆ ಮುನವ್ವರಾ ಗಿಲಕಿ ಮಾಡಿಲ್ಲ. ಕೈ ಒಲ್ಲೆ ಎನ್ನುತ್ತದೆ. ಆ ನಕಲನ್ನು ಮಾತ್ರ ಕಣ್ಣೆದುರಿಗೇ ಇರಲಿ ಎಂದು ಮೊಳೆ ಹೊಡೆದು ಹಾಕಿಕೊಂಡಿದ್ದಾಳೆ.

ಈ ವರ್ಷ ಅವಳು ಇನ್ನೊಂದು ಗೊಂಬೆ ಕಂಡುಹಿಡಿದಿದ್ದಳು. ನಡೆಯಲು ಕಲಿತ ಮಕ್ಕಳು ಕೋಲು ಹಿಡಿದು ತಳ್ಳಿದರೆ ಟಕಟಕ ಎಂದು ರೆಕ್ಕೆ ಬಡಿಯುವ ಗಿಣಿ. ಪುಣೆಯ ಒಂದು ಕಂಪನಿ ಒಪ್ಪಿಕೊಂಡಿತ್ತು. ಒಂದೇ ಷರತ್ತು: ಗಿಣಿ ಅಂಗಡಿಗೆ ಬರುವ ತನಕ ಅದರ ನಕ್ಷೆ ಹೊರಗೆ ಹೋಗಕೂಡದು. ಅದಕ್ಕೇ ನಕ್ಷೆಗಳೆಲ್ಲ ಕಂಪ್ಯೂಟರಿನಲ್ಲಿ ಬೀಗ ಹಾಕಿಕೊಂಡೇ ಬರುತ್ತಿದ್ದವು, ಹೋಗುತ್ತಿದ್ದವು. ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ ಅತಿಯಾ ಕಂಪನಿಯವರನ್ನು ಫೋನಿನಲ್ಲಿ ಕೇಳಿಕೊಂಡು ಆ ಬೀಗವನ್ನೂ ಬೀಗದ ಕೈಯನ್ನೂ ಮಾಡಿಕೊಂಡಿದ್ದಳು. ಈ ಗಿಣಿಯೂ ಕದ್ದುಹೋದರೆ ಆರ್ಡರು ಹೋಗುತ್ತದೆ. ಆರ್ಡರು ಹೋದರೆ ಶೆಡ್ಡಿಗೆ ಬೀಗ. ಅದು ಅಲ್ಲಿ ಕೂತ ಎಲ್ಲ ಹೆಂಗಸರಿಗೂ ಗೊತ್ತಿತ್ತು.

ಹೊರಗೆ ಆಟೋ ನಿಂತ ಸದ್ದಾಯಿತು. ಮುನವ್ವರಾಳ ಗಂಡ ಹಬೀಬ್ ತನ್ನ ಆಟೋ ತಂದಿದ್ದ. ಶೆಡ್ಡಿಗೆ ಹೊಸ ಕಂಪ್ಯೂಟರು ಬಂದಾಗಿತ್ತು. ಅದರ ಬದಲಿಗೆ ಹಳೆಯದನ್ನು ರಾಮನಗರದ ಗಫಾರ್ ಅಂಗಡಿಗೆ ಇವತ್ತು ಕೊಡಬೇಕಿತ್ತು. ಹಬೀಬ್ ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಗಂಟು ಹಾಕುತ್ತಿರುವಾಗ ರಮ್ಯಾ ಬಂದಳು. ಮರ ಕೊಡುವ ಕೆಂಚಯ್ಯನ ಸೊಸೆ, ಚನ್ನಪಟ್ಟಣದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಹೊಸದನ್ನು ಕೂರಿಸಿ ಕೊಡು ಎಂದು ಅವಳನ್ನು ಕರೆಸಿದ್ದರು.

"ಹಬೀಬಣ್ಣ, ಏನದು ಮೂಟೆ?"

"ಹಳೇ ಕಂಪ್ಯೂಟ್ರಮ್ಮ. ಗಫಾರ್ ಅಂಗಡಿಗೆ."

"ಅದರೊಳಗಿರೋದು?"

ಅತಿಯಾ ಒಳಗಿಂದಲೇ ಹೇಳಿದಳು. "ಎಲ್ಲಾ ಡಿಲೀಟ್ ಮಾಡಿದೀನಿ ಅಕ್ಕ. ಕಸದ ಬುಟ್ಟೀನೂ ಖಾಲಿ ಮಾಡಿದೀನಿ." ಅಂಗಳ ಗುಡಿಸಿ ಸಾರಿಸಿದವಳ ಸಮಾಧಾನ ಅವಳ ದನಿಯಲ್ಲಿತ್ತು.

"ಪುಣೆಯವರ ನಕ್ಷೆ ತೆಗೆಯೋ ಬೀಗದ ಕೈ? ಪ್ರೈವೇಟ್ ಕೀ?"

"ಅದನ್ನೂ ಅಳಿಸಿದೆ. ಮೊದಲೇ ಮೂರು ಪೆನ್ ಡ್ರೈವಿಗೆ ಕಾಪಿ ಮಾಡಿ ಮೂರು ಜನಕ್ಕೆ ಕೊಟ್ಟಿದೀವಿ. ಮುನವ್ವರಾ ಆಪಾ ಹತ್ರ ಒಂದು, ಲಕ್ಷ್ಮಕ್ಕನ ಹತ್ರ ಒಂದು, ನನ್ನ ಹತ್ರ ಒಂದು. ನಮ್ಮ ದುಡ್ಡಿನ ಪೆಟ್ಟಿಗೆ ತರಾನೇ."

ರಮ್ಯಾ ಹೆಗಲ ಚೀಲವನ್ನು ಕೆಳಗಿಟ್ಟಳು.

"ಹಬೀಬಣ್ಣ, ಆ ಗಂಟು ಬಿಚ್ಚಿ."

"ಅರೆ! ಗಫಾರ್ ಕಾಯ್ತಾ ಇದ್ದಾನೆ. ಮಾತು ಕೊಟ್ಟಿದೀನಿ. ಅಳಿಸಿದ್ದು ಅಳಿಸಿಹೋಯ್ತು, ಇನ್ನೇನು ಅದರಲ್ಲಿ?"

"ಒಸಿ ಬಿಚ್ಚಿ, ತೋರಿಸ್ತೀನಿ."

ಮುನವ್ವರಾ ಲೇತು ನಿಲ್ಲಿಸಿದಳು. ಹಬೀಬ್ ಗೊಣಗುತ್ತಲೇ ಹಳೇ ಕಂಪ್ಯೂಟರನ್ನು ಮೇಜಿಗಿಟ್ಟ. ರಮ್ಯಾ ತನ್ನ ಚೀಲದಿಂದ ಒಂದು ಪೆನ್ ಡ್ರೈವ್ ತೆಗೆದು ಚುಚ್ಚಿದಳು. ಅಳಿಸಿದ್ದನ್ನು ಹುಡುಕಿ ತರುವ ಒಂದು ಪ್ರೋಗ್ರಾಮು ಅದರಲ್ಲಿತ್ತು. ಹೆಂಗಸರು ಒಬ್ಬೊಬ್ಬರಾಗಿ ಸುತ್ತ ಬಂದು ನಿಂತರು. ಟೀ ಕುಡಿದು ಲೋಟ ತೊಳೆದಿಡುವಷ್ಟು ಹೊತ್ತಿಗೆ ಪರದೆಯ ಮೇಲೆ ಹೆಸರುಗಳು ಸಾಲುಸಾಲಾಗಿ ಏಳತೊಡಗಿದವು. ಬೀಗ ಹಾಕಿದ ನಕ್ಷೆಗಳು ಬಂದವು. ಅವುಗಳ ಹಿಂದೆಯೇ ಬೀಗದ ಕೈಯೂ ಬಂತು.

ಅತಿಯಾಳ ಮುಖ ಬಿಳಿಚಿಕೊಂಡಿತು. "ಆದ್ರೆ ಕೀಗೆ ಪಾಸ್‌ವರ್ಡ್ ಇಟ್ಟಿದೀನಿ ಅಕ್ಕ. ಅದಿಲ್ದೆ ಯಾರೂ ತೆಗೆಯಕಾಗಲ್ಲ."

ರಮ್ಯಾ ಬಾಗಿಲ ಕಡೆ ನೋಡಿದಳು. ಬಾಗಿಲ ಮೇಲೆ ಸಂಘದ ಬೋರ್ಡಿತ್ತು. ಅವಳು ಕೀಲಿಮಣೆಯಲ್ಲಿ ಅರಗಿಣಿ ಎಂದು ಕುಟ್ಟಿದಳು.

ಪರದೆಯ ಮೇಲೆ ಗಿಣಿ ರೆಕ್ಕೆ ಬಿಚ್ಚಿ ನಿಂತಿತು. ಎಲ್ಲಿ ಎಷ್ಟು ದಪ್ಪ, ಯಾವ ತೂತಿನಲ್ಲಿ ಯಾವ ಕಡ್ಡಿ, ಎಲ್ಲವೂ ಬಿಡಿಸಿಟ್ಟಂತೆ ಕಾಣುತ್ತಿತ್ತು.

ಮುನವ್ವರಾ ಕೂತಲ್ಲಿಂದ ಎದ್ದಳು. "ಯಾ ಅಲ್ಲಾ" ಎಂದಳು ಮೆಲ್ಲಗೆ. ಗೋಡೆಯ ಪ್ಲಾಸ್ಟಿಕ್ ಗಿಲಕಿ ಗಾಳಿಗೆ ಅಲ್ಲಾಡಿ ಸದ್ದು ಮಾಡಿತು.

ಹಬೀಬ್‌ಗೆ ಇನ್ನೂ ನಂಬಿಕೆ ಬರಲಿಲ್ಲ. "ಅಳಿಸಿದ್ದು ಎದ್ದು ಬರೋದು ಹೆಂಗಮ್ಮ? ಇದೇನು ಗಾರುಡಿಯಾ?"

"ಗಾರುಡಿ ಅಲ್ಲ ಅಣ್ಣ. ಡಿಲೀಟ್ ಅಂತ ಒತ್ತಿದ್ರೆ ಕಂಪ್ಯೂಟರು ಆ ಫೈಲಿನ ಹೆಸರನ್ನ ಮಾತ್ರ ತೆಗೆದುಹಾಕುತ್ತೆ. ಒಳಗಿನ ಸರಕು ಇದ್ದ ಜಾಗದಲ್ಲೇ ಇರುತ್ತೆ. ಅದರ ಮೇಲೆ ಬೇರೇದು ಬಂದು ಕೂರೋವರೆಗೂ ಹುಡುಕೋನಿಗೆ ಸಿಗುತ್ತೆ."

ದೊಡ್ಡಲಕ್ಷ್ಮಮ್ಮನ ಹಣೆಯ ಗಂಟು ಸಡಿಲಾಗಲಿಲ್ಲ. ಮುನವ್ವರಾ ಕಸದ ಡಬ್ಬಿಗೆ ಕೈ ಹಾಕಿ ಒಂದು ಕೆಟ್ಟ ಮಣಿ ತೆಗೆದಳು. ಮೊದಲು ಹಳದಿ ಬಳಿದು, ಬಣ್ಣ ತಪ್ಪಾಯಿತೆಂದು ಮೇಲೆ ತೆಳ್ಳಗೆ ಕೆಂಪು ಹತ್ತಿಸಿದ್ದ ಮಣಿ.

"ಲಕ್ಷ್ಮಕ್ಕ, ಇದ್ಯಾವ ಬಣ್ಣ?"

"ಕೆಂಪು. ಕಣ್ಣಿಲ್ವಾ ನಂಗೆ?"

ಮುನವ್ವರಾ ಅದನ್ನು ಲೇತಿಗೆ ಸಿಕ್ಕಿಸಿ ತಿರುಗಿಸಿದಳು. ಉಳಿಯ ತುದಿ ಸುಮ್ಮನೆ ತಾಕಿಸಿದಳು. ಕೆಂಪು ಪುಡಿ ಉದುರಿತು. ಒಳಗಿಂದ ಹಳದಿ ಗೆರೆ ಎದ್ದಿತು.

"ಇಷ್ಟೇ ಅಕ್ಕ. ನಾವು ಮಾಡಿದ್ದು ಮೇಲೆ ಕೆಂಪು ಬಳಿದಷ್ಟೂ ಅಲ್ಲ, ಬರೀ ಒಂದು ಬಟ್ಟೆ ಮುಚ್ಚಿದಂಗೆ. ಹಳದಿ ಹೋಗಬೇಕಾದ್ರೆ ಮರ ಕಾಣೋ ತನಕ ಉಳಿ ಹಿಡೀಬೇಕು. ಅಲ್ವಾ ರಮ್ಯಾ?"

"ಹೌದು ಆಪಾ. ಪೂರ್ತಿ ಹಂಗೇ."

ದೊಡ್ಡಲಕ್ಷ್ಮಮ್ಮ ಮಣಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಸರಿ, ಕಂಪ್ಯೂಟ್ರಿಂದು ಒಪ್ಕಂಡೆ. ಪೆನ್ ಡ್ರೈವ್ ವಿಷ್ಯದಲ್ಲಿ ತಪ್ಪೇನಿಲ್ವಲ್ಲವ್ವ? ಒಬ್ರ ಹತ್ರಾನೇ ಇದ್ರೆ ಮೋಸ ಅಂತ ಮೂರು ಜನರ ತಾವ ಮಡಗಿದೀವಿ. ಸಂಘ ಕಟ್ಟಿದಾಗಿಂದ ಪೆಟ್ಟಿಗೆ ಹಂಗೇ ನಡ್ಕಂಡು ಬಂದೈತೆ. ಯಾವತ್ತಾದ್ರೂ ಒಂದು ರೂಪಾಯಿ ಹೆಚ್ಚುಕಮ್ಮಿ ಆಗೈತಾ?"

"ದೊಡ್ಡಮ್ಮ, ಆ ಪೆಟ್ಟಿಗೆ ತರ್ತೀರಾ?" ಎಂದಳು ರಮ್ಯಾ.

ಸ್ಟೀಲ್ ಪೆಟ್ಟಿಗೆ ಬಂತು. ಅದಕ್ಕೆ ಮೂರು ಬೀಗ.

"ಈಗ ನೀವೊಬ್ಬರೇ ತೆಗೀರಿ ನೋಡೋಣ."

ದೊಡ್ಡಲಕ್ಷ್ಮಮ್ಮ ಸೆರಗಿನ ಗಂಟಿನಿಂದ ಬೀಗದ ಕೈ ತೆಗೆದು ತನ್ನ ಬೀಗ ತೆಗೆದಳು. ಪೆಟ್ಟಿಗೆ ಅಲುಗಲಿಲ್ಲ. "ಒಬ್ಬಳೇ ಹೆಂಗ್ ತೆಗೀಲಿ? ಅವರಿಬ್ರೂ ಬರಬೇಕು."

"ಅದೇ ಅಂದೆ. ಇಲ್ಲಿ ಮೂರು ಬೀಗ, ಒಂದೊಂದಕ್ಕೆ ಬೇರೆ ಬೇರೆ ಕೈ. ಮೂರು ಜನ ಸೇರಿದ್ರೇನೇ ತೆಗೆಯೋದು. ಆದರೆ ಕಂಪ್ಯೂಟರಿನ ಬೀಗ ಒಂದೇ. ಅದರ ಕೈನ ಮೂರು ನಕಲು ಕಡೆಸಿ ಹಂಚಿದೀರಿ. ಮೂರರಲ್ಲಿ ಯಾವ ಒಂದು ಕಳ್ಳನ ಕೈಗೆ ಸಿಕ್ಕಿದ್ರೂ ಸಾಕು. ಕಾವಲು ಮೂರು ಪಟ್ಟು ಆಗಲಿಲ್ಲ ದೊಡ್ಡಮ್ಮ, ಕಳ್ಳನಿಗೆ ಬಾಗಿಲು ಮೂರಾಯ್ತು."

ಬಹಳ ದಿನದಿಂದ ನಡೆದುಬಂದ ಒಳ್ಳೆಯ ಪದ್ಧತಿಯೇ ಇಲ್ಲಿ ತಿರುಗಿಬಿದ್ದಿತ್ತು.

"ನಿಮ್ಮ ಪೆನ್ ಡ್ರೈವ್ ಈಗ ಎಲ್ಲಿವೆ?" ರಮ್ಯಾ ಕೇಳಿದಳು.

ಮುನವ್ವರಾಳದ್ದು ಮನೆಯ ಬೀರುವಿನಲ್ಲಿ ಬಳೆಯ ಡಬ್ಬಿಯೊಳಗಿತ್ತು. ಅತಿಯಾಳದ್ದು ಅವಳ ಪರ್ಸಿನಲ್ಲಿತ್ತು. ದೊಡ್ಡಲಕ್ಷ್ಮಮ್ಮ ಕೆಂಡ ಕೆದಕತೊಡಗಿದಳು.

"ಲಕ್ಷ್ಮಕ್ಕ, ನಿಂದು?"

"ಮನೇಲಿ ಐತೆ ಕಣೆ... ದೇವರ ಗೂಡಲ್ಲೇ ಮಡಗಿದ್ದೆ. ನನ್ನ ಮಗ ಮಧುಕುಮಾರ ಅದನ್ನ ನೋಡಿ, ಅವ್ವಾ ಇದ್ರಲ್ಲಿ ಬೇಕಾದಷ್ಟು ಜಾಗ ಐತೆ, ಹಾಡು ತುಂಬಿಸ್ಕತೀನಿ ಅಂದ. ಗೂಡ್ಸ್ ಆಟೋದಲ್ಲಿ ಹಾಕ್ಕಂಡವ್ನೆ. ಒಳಗಿರೋದ ಅಳಿಸ್ಬ್ಯಾಡ ಕಣ್ಲಾ ಅಂತ ಹೇಳಿವ್ನಿ ಮತ್ತೆ!"

ಯಾರೋ ನಕ್ಕರು. ಮುನವ್ವರಾ ನಗಲಿಲ್ಲ. ಮಧುಕುಮಾರನಿಗೆ ಫೋನು ಹೋಯಿತು. ಅವನು ಎಳನೀರು ಲೋಡು ಮಾಡುವ ಗದ್ದಲದ ನಡುವೆ ಕಿರುಚಿದ. "ಪೆನ್ ಡ್ರೈವಾ? ನನ್ನ ತಾವ ಇಲ್ಲ ಕಣವ್ವ. ಸೌಂಡ್ ಸಿಸ್ಟಮ್ ಸಾದಿಕ್ ಇಸ್ಕಂಡ. ವಿರೂಪಾಕ್ಷಿಪುರದಲ್ಲಿ ಗೃಹಪ್ರವೇಶ ಅಂತೆ, ನಿನ್ನ ಹಾಡೆಲ್ಲಾ ಸೂಪರ್ ಅಂತ ತಗಂಡೋದ."

ಹಬೀಬ್‌ಗೆ ರೇಗಿಹೋಯಿತು. "ಇಷ್ಟೆಲ್ಲಾ ಯಾಕೆ? ಸುತ್ತಿಗೆ ತಗೊಂಡು ಈ ಕಂಪ್ಯೂಟರನ್ನ ಈಗ್ಲೇ ಪುಡಿ ಮಾಡಿ ಬಿಸಾಕಿ. ಬೀಗದ ಕೈಯೂ ಬೇಡ, ತಲೆನೋವೂ ಬೇಡ."

ಮುನವ್ವರಾ ನಿಜವಾಗಿಯೂ ಸುತ್ತಿಗೆ ಕೈಗೆ ತೆಗೆದುಕೊಂಡಿದ್ದಳು. ರಮ್ಯಾ ಅವಳ ಮುಂಗೈ ಹಿಡಿದಳು.

"ತಡೀರಿ ಆಪಾ. ಆತುರದಲ್ಲಿ ಎಲ್ಲಾ ಕೀನೂ ಒಡೆದುಹಾಕಿದ್ರೆ ಇಲ್ಲೀವರೆಗೆ ಬಂದಿರೋ ನಕ್ಷೆ, ಪತ್ರ ಯಾವುದನ್ನೂ ಮತ್ತೆ ತೆಗೆಯೋಕಾಗಲ್ಲ. ನೀವಲ್ಲ, ಆ ಕಂಪನಿಯವರೂ ತೆಗೆದುಕೊಡೋಕಾಗಲ್ಲ. ಈ ಕೀ ಇನ್ನು ರದ್ದು ಅಂತ ಸಾರೋದಕ್ಕೂ ಈ ಕೀನೇ ಬೇಕು. ಅಳಿಸೋದು ಕಡೇ ಕೆಲಸ. ಅದಕ್ಕೆ ಮುಂಚೆ ಮಾಡೋದು ಬೇಕಾದಷ್ಟಿದೆ."

ಮುನವ್ವರಾ ಸುತ್ತಿಗೆ ಕೆಳಗಿಟ್ಟಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ಏನ್ರೀ, ಆಟೋ ತಿರುಗಿಸಿ. ರಾಮನಗರಕ್ಕಲ್ಲ, ವಿರೂಪಾಕ್ಷಿಪುರಕ್ಕೆ. ಲಕ್ಷ್ಮಕ್ಕ, ನೀನೂ ಹತ್ತು. ರಮ್ಯಾ, ನಾವು ಬರೋ ತನಕ ಈ ಕಂಪ್ಯೂಟರ್ ನಿನ್ನ ಕಣ್ಣ ಮುಂದೇನೇ ಇರಲಿ."

"ಗಫಾರ್‌ಗೆ ಏನ್ ಹೇಳ್ಲಿ?"

"ಇವತ್ತು ಬರಲ್ಲ ಅಂತ ಹೇಳಿ. ಬೈದ್ರೆ ಬೈಸ್ಕೊಳ್ಳಿ."

ದಾರಿಯುದ್ದಕ್ಕೂ ಹಬೀಬ್ ಹಾರ್ನಿನ ಮೇಲೆ ಸಿಟ್ಟು ತೀರಿಸಿಕೊಂಡ. ಹಿಂದೆ ಕೂತ ದೊಡ್ಡಲಕ್ಷ್ಮಮ್ಮ ಮೊದಲು ಮಗನನ್ನು ಬೈದಳು, ಆಮೇಲೆ ಪೆನ್ ಡ್ರೈವ್ ಕಂಡುಹಿಡಿದವನನ್ನು ಬೈದಳು. ರಸ್ತೆಯ ಎರಡೂ ಕಡೆ ಮಾವಿನ ತೋಟಗಳು, ಹಿಪ್ಪುನೇರಳೆ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ಮುನವ್ವರಾಳ ಕಣ್ಣಲ್ಲಿ ಮಾತ್ರ ಪರದೆಯ ಮೇಲೆ ಎದ್ದು ನಿಂತ ಗಿಣಿ. ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದಳು. ರಸ್ತೆಯಲ್ಲೇ ಕೂರಿಸಿದಂತಾಗಿತ್ತು.

ವಿರೂಪಾಕ್ಷಿಪುರದ ಶಾಮಿಯಾನ ದೂರದಿಂದಲೇ ಕೇಳಿಸಿತು. ಸಾದಿಕ್ ಸ್ಪೀಕರುಗಳ ಹಿಂದೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದ. ಇವರನ್ನು ಕಂಡು ಎದ್ದು ನಿಂತ.

"ಆಪಾ! ನೀವೇನಿಲ್ಲಿ? ಬನ್ನಿ, ಊಟ ಮಾಡಿ."

"ಊಟ ಇರಲಿ. ಮಧು ಕೊಟ್ಟ ಪೆನ್ ಡ್ರೈವ್ ಎಲ್ಲಪ್ಪ?"

ಅವನು ಜೇಬಿನಿಂದ ತೆಗೆದು ಕೊಟ್ಟ. ದೊಡ್ಡಲಕ್ಷ್ಮಮ್ಮನಿಗೆ ಹೋದ ಜೀವ ಬಂದಂತಾಯಿತು. ಅದನ್ನು ಕಣ್ಣಿಗೆ ಒತ್ತಿಕೊಂಡಳು.

"ಹಾಡು ತುಂಬಾ ಚೆನ್ನಾಗಿದ್ವು ಅಜ್ಜಿ" ಎಂದ ಸಾದಿಕ್. "ಅದಕ್ಕೇ ಇದ್ದಬದ್ದದ್ದೆಲ್ಲಾ ಲ್ಯಾಪ್‌ಟಾಪಿಗೆ ಕಾಪಿ ಹೊಡ್ಕೊಂಡೆ."

ದೊಡ್ಡಲಕ್ಷ್ಮಮ್ಮನ ಕೈ ಕಣ್ಣಿನ ಹತ್ತಿರವೇ ನಿಂತಿತು.

ಮುನವ್ವರಾ ವಿಷಯ ಹೇಳಿದಳು. ಸಾದಿಕ್ ಗಾಬರಿಯಾಗಿ ಅವರೆದುರಿಗೇ ಆ ಫೈಲು ಹುಡುಕಿ ಅಳಿಸಿದ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. "ಹೋಯ್ತು ಆಪಾ. ಅಲ್ಲಾನಾಣೆ, ನಾನು ತೆರೆದೂ ನೋಡಿಲ್ಲ."

"ನೀನು ಒಳ್ಳೇ ಹುಡುಗ. ನಿನ್ನ ಮೇಲೆ ನನಗೆ ಅನುಮಾನ ಇಲ್ಲ" ಎಂದಳು ಮುನವ್ವರಾ. ಆದರೆ ಕಸದ ಬುಟ್ಟಿಯ ಬಂಡವಾಳ ಅವಳು ಬೆಳಗ್ಗೆಯಷ್ಟೇ ಕಂಡಿದ್ದಳು. ನಾಳೆ ಈ ಲ್ಯಾಪ್‌ಟಾಪು ಯಾರ ಕೈಗೆ ಹೋಗುತ್ತದೋ, ಇದರಿಂದ ಇನ್ನೆಲ್ಲಿಗೆ ಕಾಪಿ ಹೋಗಿದೆಯೋ, ಯಾರು ಬಲ್ಲರು? ಓಡಿ ಓಡಿ ಎಷ್ಟನ್ನು ಹಿಡಿಯುವುದು?

ಆಗ ಮಾತಾಡಿದವಳು ದೊಡ್ಡಲಕ್ಷ್ಮಮ್ಮ.

"ಮುನವ್ವರಾ, ಹೋದ್ ವರ್ಸ ನಮ್ಮನೆ ಬೀಗದ ಕೈ ಸಂತೇಲಿ ಬಿದ್ದೋಯ್ತಲ್ಲ, ಗ್ಯಪ್ತಿ ಐತಾ? ನಾನೇನು ಸಂತೆಯೆಲ್ಲಾ ಹುಡುಕ್ತಾ ಕೂತ್ಕಂಡ್ನಾ? ಅವತ್ತು ಸಂಜೆಗೇ ಹೊಸ ಬೀಗ ತಂದು ಜಡಿಸ್ಲಿಲ್ವಾ? ಇದಕ್ಕೂ ಬೀಗಾನೇ ಬದ್ಲಾಯಿಸ್ಬೇಕು. ರಮ್ಯಂಗೆ ಫೋನ್ ಹಾಕು."

ಫೋನಿನಲ್ಲಿ ರಮ್ಯಾ ನಕ್ಕಳು. "ದೊಡ್ಡಮ್ಮ ಹೇಳಿದ್ದೇ ಸರಿ. ನಮ್ಮ ಕೈ ತಪ್ಪಿದ ಕೀ ಇನ್ನು ನಮ್ಮದಲ್ಲ ಅಂದ್ಕೊಂಡುಬಿಡಬೇಕು. ಹೊಸದು ಮಾಡೋಣ, ಬನ್ನಿ. ಸಾದಿಕ್ ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪ್ ತರಲಿ. ಅದರಲ್ಲಿ ಆದಷ್ಟು ಒರೆಸ್ತೀನಿ. ಪೂರ್ತಿ ಹೋಯ್ತು ಅಂತ ಮಾತ್ರ ನಾನು ಆಣೆ ಇಡಲ್ಲ."

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಶೆಡ್ಡಿನಲ್ಲಿದ್ದರು. ರಮ್ಯಾ ಮೊದಲು ಹೊಸ ಕಂಪ್ಯೂಟರಿನ ಡಿಸ್ಕಿಗೇ ಪೂರ್ತಿ ಬೀಗ ಹಾಕಿಸಿದಳು. ಆಮೇಲೆ ಅತಿಯಾ ಕೈಯಲ್ಲೇ ಹೊಸ ಜೋಡಿ ಮಾಡಿಸಿದಳು. ಜೋಡಿಯಲ್ಲಿ ಒಂದು ಬೀಗ, ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಅವರು ಸಂಘಕ್ಕೆ ಕಳಿಸುವುದನ್ನು ಅದರಿಂದ ಮುಚ್ಚಿ ಕಳಿಸುತ್ತಾರೆ. ಇನ್ನೊಂದು ಅದನ್ನು ತೆಗೆಯುವ ಕೈ, ಅದು ಹೊರಗೆ ಹೋಗುವ ಹಾಗಿಲ್ಲ.

"ಈಗ ಪಾಸ್‌ವರ್ಡು. ಬೋರ್ಡಿನ ಹೆಸರು ಬೇಡ, ಮಕ್ಕಳ ಹೆಸರು ಬೇಡ, ಹುಟ್ಟಿದ ದಿನ ಬೇಡ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಮಾತು ಸೇರಿಸಿ. ನೆನಪಲ್ಲಿ ನಿಲ್ಲಬೇಕು, ಬೇರೆಯವರು ಊಹೆ ಮಾಡಬಾರದು." ಹಾಗೆಂದು ರಮ್ಯಾ ಗೋಡೆಯ ಕಡೆ ತಿರುಗಿ ನಿಂತಳು.

"ಯಾಕೆ ಅತ್ತ ತಿರುಗಿದೆ?" ಎಂದಳು ಮುನವ್ವರಾ.

"ನನಗೂ ಗೊತ್ತಾಗಬಾರದು ಆಪಾ. ನಾನು ಸಂಘದವಳಲ್ಲವಲ್ಲ."

ಆ ಮಾತು ಹಬೀಬ್‌ಗೆ ನಾಟಿತು. ಅವನೂ ಎದ್ದು ಆಟೋ ಒರೆಸಲು ಹೊರಗೆ ಹೋದ. ಮುನವ್ವರಾ ಮತ್ತು ಅತಿಯಾ ತಲೆಗೆ ತಲೆ ತಾಗಿಸಿ ಪಿಸುಗುಟ್ಟಿಕೊಂಡು ತಮ್ಮ ಮಾತುಗಳನ್ನು ಆರಿಸಿಕೊಂಡರು.

ಹೊಸ ಬೀಗವನ್ನು ಪುಣೆಗೆ ಕಳಿಸಿದ್ದಾಯಿತು. ಅಷ್ಟಕ್ಕೇ ರಮ್ಯಾ ಬಿಡಲಿಲ್ಲ. ಬೇರೆ ಯಾರೋ ಸಂಘದ ಹೆಸರಿನಲ್ಲಿ ಬೀಗ ಕಳಿಸಿದ್ದಾರೋ ಏನೋ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅತಿಯಾ ಮೊದಲಿನಿಂದ ಗೊತ್ತಿದ್ದ ನಂಬರಿಗೆ ಫೋನು ಮಾಡಿ, ಹೊಸ ಬೀಗದ ಗುರುತಿನ ಅಂಕಿ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಆ ಕಡೆಯ ಮೇಡಂ ತಮ್ಮ ಪರದೆಯಲ್ಲಿ ನೋಡಿಕೊಂಡು ಒಂದೊಂದಕ್ಕೂ ಹ್ಞೂಂ ಎಂದರು. ಮುನವ್ವರಾ ಫೋನು ಇಸಿದುಕೊಂಡು ಆದ ತಪ್ಪನ್ನು ಮುಚ್ಚಿಡದೆ ಹೇಳಿದಳು. ಬೈಗುಳಕ್ಕೆ ಸಿದ್ಧಳಾಗಿಯೇ ಇದ್ದಳು.

"ಗೊತ್ತಾದ ದಿನಾನೇ ಹೇಳಿದ್ರಲ್ಲ, ಅದು ಮುಖ್ಯ" ಎಂದು ಮೇಡಂ ಹಿಂದಿಯಲ್ಲಿ ಹೇಳಿದರು. "ಹಳೇ ಬೀಗ ಇವತ್ತಿಂದ ನಾವು ಮುಟ್ಟೋದಿಲ್ಲ. ಕೆಲಸ ನಡೀಲಿ."

ಮುನವ್ವರಾ ಫೋನು ಇಟ್ಟು ಉಸಿರು ಬಿಟ್ಟಳು. ಮನೆಯಿಂದ ತರಿಸಿದ ಬಳೆ ಡಬ್ಬಿಯ ಪೆನ್ ಡ್ರೈವಿನಲ್ಲಿದ್ದ ಹಳೇ ಕೀಯಿಂದಲೇ ಅದರ ರದ್ದತಿಗೆ ಸಹಿ ಬಿತ್ತು. ಬೆಳಗ್ಗೆ ಮರಳಿ ಸಿಕ್ಕ ಹಳೇ ನಕ್ಷೆಗಳನ್ನೆಲ್ಲ ಅದರಿಂದಲೇ ತೆಗೆದು, ಹೊಸ ಬೀಗ ಹಾಕಿ ಹೊಸ ಕಂಪ್ಯೂಟರಿನಲ್ಲಿಟ್ಟರು. ಹೊಸ ಕೈಯಿಂದ ಎಲ್ಲವೂ ತೆರೆಯುತ್ತದೆಯೇ ಎಂದು ಒಂದೊಂದನ್ನೂ ತೆಗೆದು ನೋಡಿದರು. ಗಿಣಿ ಪ್ರತಿ ಸಲವೂ ರೆಕ್ಕೆ ಬಿಚ್ಚಿತು.

"ಈಗ ಉಳಿ ಹಿಡಿಯೋಣ ಆಪಾ" ಎಂದಳು ರಮ್ಯಾ.

ಹಳೇ ಕಂಪ್ಯೂಟರಿನೊಳಗೆ ಇದ್ದದ್ದು ತಿರುಗುವ ಡಿಸ್ಕು. ಅದು ತಿರುಗುತ್ತದೆ ಎಂದು ಕೇಳಿ ಮುನವ್ವರಾಳಿಗೆ ಯಾಕೋ ಅದು ತಮ್ಮದೇ ಸಾಮಾನು ಎನ್ನಿಸಿತು. ಡಿಸ್ಕಿನ ಅಂಚಿನಿಂದ ಅಂಚಿನ ತನಕ ಬೇರೆ ಅಕ್ಷರ ತುಂಬುವ ಪ್ರೋಗ್ರಾಮನ್ನು ರಮ್ಯಾ ಓಡಿಸಿದಳು. ಅದು ಸಂಜೆಯವರೆಗೂ ಓಡಿತು. ಹೊಸ ಕಂಪ್ಯೂಟರಿನಲ್ಲೂ ಪೆನ್ ಡ್ರೈವಿನಲ್ಲೂ ಇರುವುದು ತಿರುಗುವ ಡಿಸ್ಕಲ್ಲ, ಎಲೆಕ್ಟ್ರಾನಿಕ್ ಚಿಪ್; ಅದರ ಮೇಲೆ ಹೀಗೆ ಬರೆದರೆ ಎಲ್ಲ ಮೂಲೆಗೂ ತಲುಪುತ್ತದೆ ಎನ್ನುವ ಭರವಸೆ ಇಲ್ಲ, ಅದಕ್ಕೇ ಹೊಸ ಕಂಪ್ಯೂಟರಿಗೆ ಮೊದಲೇ ಪೂರ್ತಿ ಬೀಗ ಹಾಕಿಸಿದ್ದು ಎಂದು ರಮ್ಯಾ ಹೇಳಿದಳು.

"ಹಂಗಾರೆ ಈ ಪೆನ್ ಡ್ರೈವ್‌ಗಳು?" ಎಂದು ಕೇಳಿದಳು ದೊಡ್ಡಲಕ್ಷ್ಮಮ್ಮ.

"ಅವಕ್ಕೆ ಹಬೀಬಣ್ಣನ ಸುತ್ತಿಗೇನೇ ಸರಿ."

"ಕೊಡಿ ಇತ್ಲಾಗೆ!" ದೊಡ್ಡಲಕ್ಷ್ಮಮ್ಮ ಮೂರನ್ನೂ ಕಲ್ಲಿನ ಮೇಲಿಟ್ಟಳು. ಕಣ್ಣಿಗೆ ಚೂರು ಹಾರದಂತೆ ಮೇಲೆ ಗೋಣಿತಟ್ಟು ಮುಚ್ಚಿ, ಒಳಗಿನ ಕರಿ ಚಿಪ್ ಹೋಳಾಗುವ ತನಕ ಬಾರಿಸಿದಳು. ಆಗಲೇ ಬಂದ ಮಧುಕುಮಾರ ಬಾಗಿಲಲ್ಲಿ ನಿಂತು ಬಾಯಿ ಬಾಯಿ ಬಿಟ್ಟ.

"ಅಯ್ಯೋ ಅವ್ವಾ, ನನ್ನ ಹಾಡು!"

"ಇನ್ನೊಂದು ತಂದು ಕೊಡ್ತೀನಿ ಬುಡ್ಲಾ."

ಸಂಜೆ ಸಾದಿಕ್ ತಂದ ಲ್ಯಾಪ್‌ಟಾಪನ್ನೂ ರಮ್ಯಾ ಆದಷ್ಟು ಒರೆಸಿದಳು. ಅಷ್ಟರಲ್ಲಿ ಪ್ರೋಗ್ರಾಮು ಮುಗಿಯಿತು. ರಮ್ಯಾ ಬೆಳಗಿನ ಹಾಗೆಯೇ ಅಳಿಸಿದ್ದನ್ನು ಹುಡುಕುವ ಪೆನ್ ಡ್ರೈವ್ ಚುಚ್ಚಿದಳು. ಎಲ್ಲರೂ ಮತ್ತೆ ಸುತ್ತ ನಿಂತರು. ಪರದೆ ಖಾಲಿಯೇ ಉಳಿಯಿತು. ಒಂದು ಹೆಸರೂ ಏಳಲಿಲ್ಲ.

"ಮರ ಕಾಣ್ತಾ?" ದೊಡ್ಡಲಕ್ಷ್ಮಮ್ಮ ಕೇಳಿದಳು.

"ಮರ ಕಾಣ್ತು ದೊಡ್ಡಮ್ಮ."

ಹೊಸ ಕೀಯ ಒಂದೇ ಒಂದು ನಕಲನ್ನು ಹೊಸ ಪೆನ್ ಡ್ರೈವಿನಲ್ಲಿಟ್ಟರು. ಕಂಪ್ಯೂಟರು ಕೆಟ್ಟರೆ ಕೈಗೆ ಒಂದಾದರೂ ಇರಬೇಕಲ್ಲ. ಅದನ್ನು ಎಲ್ಲಿಡುವುದೆಂದು ಯಾರೂ ಕೇಳಬೇಕಾಗಲಿಲ್ಲ. ದೊಡ್ಡಲಕ್ಷ್ಮಮ್ಮ ಆ ಮೂರು ಬೀಗದ ಸ್ಟೀಲ್ ಪೆಟ್ಟಿಗೆಯನ್ನೇ ಮುಂದಕ್ಕೆ ತಳ್ಳಿದಳು. ಮೂವರೂ ಒಬ್ಬರಾದ ಮೇಲೊಬ್ಬರು ಬೀಗ ಹಾಕಿದರು. ಹಳೇ ಪದ್ಧತಿ ಈಗ ತನ್ನ ಜಾಗದಲ್ಲಿ ಸರಿಯಾಗಿ ಕೂತಿತ್ತು.

ಮಾರನೇ ದಿನ ಹಬೀಬ್ ತಾನೇ ಕಂಪ್ಯೂಟರನ್ನು ಗಫಾರ್ ಅಂಗಡಿಗೆ ಒಯ್ದ. ಅಂಗಡಿಯಲ್ಲಿ ಹಳೇ ಕಂಪ್ಯೂಟರು ತಂದುಕೊಟ್ಟ ಇನ್ನೊಬ್ಬರನ್ನು ಕಂಡು, "ಒಳಗಿಂದು ಬರೀ ಡಿಲೀಟ್ ಮಾಡಿದೀರಾ, ಪೂರ್ತಿ ಒರೆಸಿದೀರಾ?" ಎಂದು ಇವನೇ ಕೇಳಿದನಂತೆ.

ಮಾವಿನಹಣ್ಣು ಮಂಡಿಗೆ ಬರುವ ಹೊತ್ತಿಗೆ ಗಿಣಿ ಅಂಗಡಿಗೆ ಬಂತು. ಹೈವೇ ಬದಿಯ ಅಂಗಡಿಗಳನ್ನು ಮುನವ್ವರಾ ಆಟೋದಲ್ಲಿ ಕೂತು ಒಂದೊಂದಾಗಿ ನೋಡಿಕೊಂಡು ಬಂದಳು. ಎಲ್ಲೂ ಪ್ಲಾಸ್ಟಿಕ್ ಗಿಣಿ ಇರಲಿಲ್ಲ. ಅವತ್ತೇ ಅವಳು ದೊಡ್ಡಲಕ್ಷ್ಮಮ್ಮನ ಮನೆಗೆ ಹೋಗಿ, ಲೇತಿನಿಂದ ಇಳಿದ ಮೊದಲ ಗಿಣಿಯನ್ನು ಮಗುವಿನ ಮುಂದಿಟ್ಟಳು. ಮಗು ಕೋಲು ಹಿಡಿದು ತಳ್ಳಿತು. ಟಕಟಕ ಟಕಟಕ ಎಂದು ಗಿಣಿ ಅಂಗಳ ಸುತ್ತಿತು.

"ಗಿಲಕಿ ಸಾಲ ತೀರ್ತು ಲಕ್ಷ್ಮಕ್ಕ."

"ತೀರ್ತು ಕಣವ್ವ. ಬಡ್ಡಿ ಸಮೇತ ತೀರ್ತು."

ಜಗಲಿಯಿಂದ ಮಧುಕುಮಾರ ಕೂಗಿದ. "ನನ್ನ ಹಾಡಿನ ಸಾಲ?" ಅದು ಇನ್ನೂ ತೀರಿಲ್ಲ.

ಈ ಕಥೆ ಓದಿದ ಅಕ್ಕಂದಿರೇ, ಅಣ್ಣಂದಿರೇ, ಗೊಂಬೆ ಮಾಡುವವರಿಗೆ ಮಾತ್ರ ಹೇಳಿದ್ದಲ್ಲ ಇದು. ರೇಷ್ಮೆ ನೂಲು ತೆಗೆಯುವವರು, ಹಾಲಿನ ಡೇರಿ ನಡೆಸುವವರು, ಲೆಕ್ಕ ಬರೆಯುವವರು, ನಿಮ್ಮ ಕಂಪ್ಯೂಟರಿನಲ್ಲೂ ಇಂಥ ಒಂದು ಬೀಗದ ಕೈ ಇರಬಹುದು. ಅದು ಎಲ್ಲೆಲ್ಲಿದೆ ಎಂದು ಇವತ್ತೇ ಯೋಚಿಸಿ. ಇ-ಮೇಲಿನಲ್ಲಿ, ವಾಟ್ಸಾಪಿನಲ್ಲಿ, ಮಗನ ಪೆನ್ ಡ್ರೈವಿನಲ್ಲಿ ಒಂದೊಂದು ನಕಲು ಬಿದ್ದಿದ್ದರೆ ಅದು ನಿಮ್ಮ ಕಾವಲಿನಲ್ಲಿಲ್ಲ. ಕೈ ತಪ್ಪಿತು ಎಂಬ ಅನುಮಾನ ಬಂದರೆ ನಾಚಿಕೊಂಡು ಸುಮ್ಮನಿರಬೇಡಿ. ಹೊಸದು ಮಾಡಿ, ಸಂಬಂಧಪಟ್ಟವರಿಗೆ ಫೋನಿನಲ್ಲಿ ಹೇಳಿ, ಹಳೆಯದನ್ನು ರದ್ದು ಮಾಡಿ, ಹಳೇ ಕಾಗದಪತ್ರಗಳಿಗೆ ಹೊಸ ಬೀಗ ಹಾಕಿ, ಅದು ತೆರೆಯುವುದನ್ನು ಕಣ್ಣಾರೆ ನೋಡಿ, ಆಮೇಲೆ ಹಳೇ ಕೀಯನ್ನು ಮರ ಕಾಣುವ ತನಕ ಅಳಿಸಿ. ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕರೆಯಿರಿ. ಪಾಸ್‌ವರ್ಡನ್ನು ಮಾತ್ರ ಅವರಿಗೂ ಹೇಳಬೇಡಿ.

ನಿಮ್ಮ ಮನೆಯ ಹಳೇ ಕಂಪ್ಯೂಟರು ಬೆಡ್‌ಶೀಟು ಸುತ್ತಿಕೊಂಡು ಬಾಗಿಲಲ್ಲಿ ಆಟೋ ಕಾಯುತ್ತಿದೆಯೇ? ಆಟೋ ವಾಪಸು ಕಳಿಸಿ. ಗಂಟು ಬಿಚ್ಚಿ, ಅದನ್ನು ಒಳಗೆ ತನ್ನಿ.